ಹನ್ನೊಂದನೇ ಗುಂಪಿನ ಹಸ್ತಾಂತರ

ಮೀನುಗಳಿಗೂ ಒಂದು ರಾಜ್ಯ ಇರತಕ್ಕದ್ದು ಎಂದು ತೀರ್ಮಾನವಾಗಿ ಆಗ ಆರು ವರ್ಷವಾಗಿತ್ತು.

ಅದಕ್ಕೂ ಮೊದಲು ಕಾನೂನು ಸರಳವಾಗಿತ್ತು. ದಡದಿಂದ ಹನ್ನೆರಡು ನಾಟಿಕಲ್ ಮೈಲಿಯವರೆಗಿನ ಮೀನುಗಾರಿಕೆ ರಾಜ್ಯಗಳ ವಿಷಯ, ಅದರಾಚೆಗಿನದು ಕೇಂದ್ರದ ವಿಷಯ. ಸಂವಿಧಾನದಲ್ಲಿ ಆ ವಿಷಯಪಟ್ಟಿ ಬರೆದವರಿಗೆ ಮೀನು ಓಡಾಡುತ್ತದೆ ಎಂಬುದು ಗೊತ್ತಿರಲಿಲ್ಲ ಎಂದಲ್ಲ. ಓಡಾಡುವ ಮೀನನ್ನು ಮುಂದೊಂದು ದಿನ ಯಾರಾದರೂ ತಡೆದು ನಿಲ್ಲಿಸಿಯಾರು ಎಂದು ಅವರು ಎಣಿಸಿರಲಿಲ್ಲ.

ತಡೆದು ನಿಲ್ಲಿಸಿದ್ದು ತೇಲುಗಂಟೆ. ಇಲಾಖೆಯ ಕಾಗದಗಳಲ್ಲಿ ಅದಕ್ಕೆ ಎರಡು ಸಾಲು ಹಿಡಿಯುವ ಹೆಸರಿತ್ತು, ಕರಾವಳಿಯಲ್ಲಿ ಯಾರೂ ಅದನ್ನು ಬಳಸುತ್ತಿರಲಿಲ್ಲ. ಆಳೆತ್ತರದ ಹಳದಿ ಡಬ್ಬಿ, ಮೇಲೆ ಸೌರಫಲಕ, ಕೆಳಗೆ ಲಂಗರು, ಹೊಟ್ಟೆಯೊಳಗೆ ನೀರಿನಡಿ ದನಿ ಹೊರಡಿಸುವ ಯಂತ್ರ. ಅದು ಕಲಿತದ್ದು ಎರಡೇ ದನಿ. ಒಂದು, ಸಾವಿರಾರು ತಾರ್ಲೆ ಮೀನುಗಳು ಬಾಯಿ ತೆರೆದು ಮೇಯುವಾಗ ಏಳುವ ಮೆತ್ತನೆಯ ಚಿಟಿಪಿಟಿ. ಕೇಳಿದರೆ ಗುಂಪು ಅತ್ತ ತಿರುಗುತ್ತಿತ್ತು. ಇನ್ನೊಂದು, ದೊಡ್ಡ ಬೇಟೆಮೀನುಗಳ ಹಿಂಡು ಒಟ್ಟಿಗೆ ನುಗ್ಗಿ ಬರುವ ಸದ್ದು. ಕೇಳಿದರೆ ಗುಂಪು ಜೀವಭಯದಿಂದ ಎದುರು ದಿಕ್ಕಿಗೆ ಓಡುತ್ತಿತ್ತು. ಕರೆಯುವ ದನಿ, ಅಟ್ಟುವ ದನಿ. ಕುರಿ ಕಾಯುವವನಿಗೂ ಇಷ್ಟೇ ಸಾಕು.

ತೇಲುಗಂಟೆಯನ್ನು ಮೊದಲು ಇಟ್ಟ ರಾಜ್ಯ ಯಾವುದು ಎಂಬ ಬಗ್ಗೆ ಇನ್ನೂ ಮೊಕದ್ದಮೆ ನಡೆಯುತ್ತಿದೆ. ಒಂದು ರಾಜ್ಯ ಇಟ್ಟಿತು, ಪಕ್ಕದ್ದು ಅದಕ್ಕಿಂತ ಗಟ್ಟಿ ದನಿಯದನ್ನು ಇಟ್ಟಿತು, ಎರಡು ಮಳೆಗಾಲ ಮೀನುಗಳು ಗಡಿರೇಖೆಯ ಮೇಲೆ ಅತ್ತಿತ್ತ ಓಡಿ ಓಡಿ ಮೊಟ್ಟೆಯಿಡುವುದನ್ನೇ ಮರೆತವು. ಆಗ ಅಂತರರಾಜ್ಯ ಮತ್ಸ್ಯಗುಂಪು ಮಂಡಳಿ ಹುಟ್ಟಿತು. ದಕ್ಷಿಣದಿಂದ ಬರುವ ಪ್ರತಿ ಗುಂಪಿಗೂ ಒಂದು ಸಂಖ್ಯೆ. ಪ್ರತಿ ರಾಜ್ಯಕ್ಕೂ ಇಂತಿಷ್ಟು ದಿನ. ದಿನ ಮುಗಿದ ಗಳಿಗೆಗೆ ಗುಂಪನ್ನು ಉತ್ತರದ ರಾಜ್ಯಕ್ಕೆ ಒಪ್ಪಿಸಬೇಕು. ಕರ್ನಾಟಕಕ್ಕೆ ಹದಿಮೂರು ದಿನ, ಗೋವಾಕ್ಕೆ ಐದು.

ಆ ಹದಿಮೂರು ದಿನವನ್ನು ಕರ್ನಾಟಕ ತನ್ನ ಬಂದರುಗಳಿಗೆ ಹಂಚಿಕೊಟ್ಟಿತ್ತು. ದಡದಿಂದಲೇ ಬಲೆ ಎಳೆಯುವ ರಂಪಣಿ ಹಳ್ಳಿಗಳಿಗೆ ಉಳಿದದ್ದು ಪ್ರತಿ ಹಳ್ಳಿಗೆ ವರ್ಷಕ್ಕೆ ಎರಡು ಗಂಟೆ.

*

ಸುರಂಗಿಬಾಗದ ಎರಡು ಗಂಟೆ ಆ ದಿನ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಶುರುವಾಗಿ ಹನ್ನೊಂದು ನಲವತ್ತಕ್ಕೆ ಮುಗಿಯುವುದಿತ್ತು. ಗಡಿಯ ಈಚೆಗಿನ ಕೊನೆಯ ಊರು ಅದು. ಅದರ ಹೊತ್ತು ಮುಗಿದ ಗಳಿಗೆಗೆ ಕರ್ನಾಟಕದ ಹದಿಮೂರು ದಿನವೂ ಮುಗಿಯುತ್ತಿತ್ತು. ಅಲ್ಲಿಂದ ಎರಡು ಕಿಲೋಮೀಟರು ನಡೆದರೆ, ಒಂದು ಗುಡ್ಡ ದಾಟಿದರೆ, ಗೋವಾ.

ತನುಜಾ ಹರಿಕಂತ್ರ ಆ ಊರಿನ ಹುಡುಗಿ. ಮೂವತ್ತೊಂದು ವರ್ಷದವಳು. ಕಾರವಾರದ ಗುಡ್ಡದ ಮೇಲಿದ್ದ ರಾಜ್ಯ ಮತ್ಸ್ಯಗುಂಪು ನಿಯಂತ್ರಣ ಕೊಠಡಿಯಲ್ಲಿ ಪಾಳಿ ನಿರ್ವಾಹಕಿ. ಆ ಕೆಲಸಕ್ಕೆ ಸೇರಿದ ಮೀನುಗಾರರ ಮನೆಯವರಲ್ಲಿ ಮೊದಲನೆಯವಳು ಅವಳೇ. ಹಾಗಾಗಿ ಕೊಠಡಿಯಲ್ಲಿ ಅವಳು ಊರಿನವಳು, ಊರಿನಲ್ಲಿ ಸರ್ಕಾರದವಳು.

ಅವಳ ತಾಯಿ ರುಕ್ಮಾ ಸುರಂಗಿಬಾಗದ ರಂಪಣಿಯ ತಾಂಡೇಲ. ಬಲೆ ಎಲ್ಲಿ ಬಿಡಬೇಕು, ಹಗ್ಗ ಯಾವಾಗ ಎಳೆಯಬೇಕು, ಯಾವಾಗ ಸಡಿಲಿಸಬೇಕು ಎಂದು ಹೇಳುವವರು ತಾಂಡೇಲ. ಗಂಡ ತೀರಿಕೊಂಡ ವರ್ಷ, ಬೇರೆ ಯಾರನ್ನು ಮಾಡುವುದೆಂದು ಗಂಡಸರು ಜಗಳವಾಡುತ್ತಿದ್ದಾಗ, ಆಕೆ ದಡಕ್ಕೆ ಹೋಗಿ "ಎಳೀರಿ" ಎಂದಿದ್ದಳು. ಅವರು ಎಳೆದಿದ್ದರು. ಜಗಳ ಅಲ್ಲಿಗೆ ಮುಗಿದಿತ್ತು.

ಆ ಬೆಳಿಗ್ಗೆ ರುಕ್ಮಾ ಒಲೆಯ ಮುಂದೆ ಕುಳಿತು ಗಂಜಿಗೆ ಉಪ್ಪು ಹಾಕುತ್ತಿದ್ದಳು. ತನುಜಾ ಕೆಲಸದ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡು ನಿಂತೇ ಉಣ್ಣುತ್ತಿದ್ದಳು.

"ಆಯಿ, ಒಂಬತ್ತು ನಲವತ್ತಕ್ಕೆ ದೋಣಿ ನೀರಲ್ಲಿರಬೇಕು. ಆಮೇಲೆ ಅರ್ಧ ಗಂಟೆ ಹೋಯ್ತು, ಕೊಡಿ ಅಂದ್ರೆ ನನ್ನ ಕೈಯಲ್ಲಿಲ್ಲ."

"ದೋಣಿ ಇರ್ತದೆ. ನಿಮ್ ಮೀನು ಇರ್ತದ್ಯಾ ಹೇಳು."

"ನಿನ್ನೆ ಸಂಜೆ ದಕ್ಷಿಣದ ಬಂದರಿನ ಎದುರಿತ್ತು. ಬೆಳಿಗ್ಗೆ ಐದಕ್ಕೆ ಬಿಡ್ತಾರೆ. ಲೆಕ್ಕಕ್ಕೆ ಒಂಬತ್ತೂವರೆಗೆ ನಮ್ಮಲ್ಲಿ."

"ಲೆಕ್ಕಕ್ಕೆ" ಎಂದಳು ರುಕ್ಮಾ. "ನಿಮ್ ಸರ್ಕಾರದವ್ರು ದಿಲ್ಲಿಗೆ ಹೋಗಿ ಎಂತ ಹೇಳ್ತ್ರು? 'ನಾವು ಸಣ್ಣವ್ರು, ನಮ್ ಮಾತೂ ಕೇಳಿ, ದೊಡ್ಡ ರಾಜ್ಯದ ಮಾತೇ ಕೇಳ್ಬೇಡಿ' ಅಂತ. ಟೀವಿಯಲ್ಲಿ ನೋಡ್ದೆ ನಾನು. ಕಣ್ಣಲ್ಲಿ ನೀರು ಬಂತು. ವಾಪಸ್ ಬಂದು ನಮಗೆ ಎರಡು ತಾಸು."

"ಮುಂಚೆ ಅದೂ ಇರಲಿಲ್ಲ."

"ಮುಂಚೆ ಕಡಲಿತ್ತೇ ಮಗಾ."

ಹೋದ ವರ್ಷ ಗುಂಪು ಬಂದಿರಲೇ ಇಲ್ಲ. ಗಾಳಿ ಎಂದು ಇಲಾಖೆ ಹೇಳಿತ್ತು. ಅದರ ಹಿಂದಿನ ವರ್ಷ ಬಂದದ್ದು ನಾಲ್ಕು ಬುಟ್ಟಿ. ಎರಡು ವರ್ಷ ಕೈಗೆ ಏನೂ ಹತ್ತದ ಗಂಡಸರು ಕಟ್ಟಡ ಕೆಲಸಕ್ಕೆ, ಹೋಟೆಲಿಗೆ ಚದುರಿದ್ದರು. ಇಂದಿಗೆಂದೇ ರಜೆ ಹಾಕಿ ಬಂದಿದ್ದರು. ಇವತ್ತೂ ಬಲೆ ಬರಿದಾಗಿ ಬಂದರೆ ಮುಂದಿನ ವರ್ಷ ಎಳೆಯಲು ಜನ ಇರುವುದಿಲ್ಲ, ರಂಪಣಿ ಎನ್ನುವುದು ಸುರಂಗಿಬಾಗದಲ್ಲಿ ಮುಗಿಯುತ್ತದೆ. ಇದನ್ನು ಇಬ್ಬರೂ ಬಲ್ಲರು. ಹಾಗಾಗಿ ಇಬ್ಬರೂ ಗಂಜಿಯ ಬಗ್ಗೆ ಮಾತಾಡಿದರು.

*

ಒಂಬತ್ತೂವರೆಗೆ ಹನ್ನೊಂದನೇ ಗುಂಪು ಸುರಂಗಿಬಾಗದ ಎದುರು ಇರಲಿಲ್ಲ. ಪರದೆಯ ಮೇಲೆ ಅದು ಇನ್ನೂ ಬಹಳ ಕೆಳಗೆ, ಹಸಿರು ಕಲೆಯಾಗಿ, ನಿಧಾನ ಮೇಲೇರುತ್ತಿತ್ತು.

"ಸರ್, ಎಂಬತ್ತು ನಿಮಿಷ ತಡ ಆಗಿದೆ" ಎಂದಳು ತನುಜಾ.

ಉಪನಿರ್ದೇಶಕ ಯಾದವಾಡರು ಧಾರವಾಡದ ಕಡೆಯವರು. ಮೀನು ತಿನ್ನುವವರಲ್ಲ. ಕೊಠಡಿಗೆ ಬಂದ ಮೊದಲ ದಿನ "ನನಗ ಇದರ ಆಸೆ ಇಲ್ಲ, ಅದಕ್ಕ ನನ್ನ ಇಲ್ಲಿ ಹಾಕ್ಯಾರ" ಎಂದು ತಾವೇ ನಕ್ಕಿದ್ದರು. ಈಗ ನಗಲಿಲ್ಲ.

"ಮ್ಯಾಲಿಂದ ಫೋನ್ ಬಂದಿತ್ರೀ ಬೆಳಿಗ್ಗೆ. ಬಂದರಿನ ದೊಡ್ಡ ದೋಣಿಗಳಿಗೆ ನಿನ್ನೆ ಸಾಕಷ್ಟು ಸಿಕ್ಕಿಲ್ಲಂತ. ಸ್ವಲ್ಪ ಹಿಡದ ಬಿಡ್ರಿ ಅಂದ್ರು. ನಾ ಏನ್ ಮಾಡ್ಲಿ?"

"ಅದು ಸುರಂಗಿಬಾಗದ ಹೊತ್ತು ಸರ್."

"ಗೊತ್ತೈತಿ."

ಅವರಿಗೆ ನಿಜವಾಗಿಯೂ ಗೊತ್ತಿತ್ತು. ಅವರು ಕೆಟ್ಟವರಾಗಿರಲಿಲ್ಲ, ಮೇಲಿನ ಫೋನಿಗೂ ಕೆಳಗಿನ ಪರದೆಗೂ ನಡುವೆ ಕುರ್ಚಿ ಹಾಕಿಕೊಂಡು ಕೂತವರಾಗಿದ್ದರು. ಹಸ್ತಾಂತರದ ಹೊತ್ತನ್ನು ಮುಂದೂಡಿಸಿ ಎಂದು ತನುಜಾ ಕೇಳಿದಾಗ ಅವರು ಕೂಡಲೇ ಕೇಂದ್ರದ ಸಂಯೋಜಕರಿಗೆ ಕರೆ ಮಾಡಿದರು. ಸಂಯೋಜಕರು ವಿನಯದಿಂದಲೇ ಮಾತಾಡಿದರು. ಬಿರುಗಾಳಿಯಿಂದ ತಡವಾಗಿದ್ದರೆ ಮುಂದೂಡಬಹುದು, ರಾಜ್ಯ ತಾನೇ ತಡ ಮಾಡಿಕೊಂಡಿದ್ದರೆ ಆಗದು. ಹನ್ನೊಂದು ನಲವತ್ತಕ್ಕೆ ಗೋವಾದವರು 'ಪಡೆದೆವು' ಎನ್ನದಿದ್ದರೆ ಕೇಂದ್ರದ ಯಂತ್ರ ತಾನಾಗಿಯೇ ಗುಂಪಿನ ಬೆನ್ನಿಗಿರುವ ತೇಲುಗಂಟೆಗಳಲ್ಲಿ ಅಟ್ಟುವ ದನಿ ಹಾಕಿ ಅದನ್ನು ಉತ್ತರಕ್ಕೆ ಓಡಿಸುತ್ತದೆ. ಕರ್ನಾಟಕಕ್ಕೆ ಮುಂದಿನ ಗುಂಪಿನಲ್ಲಿ ಮೂರು ದಿನ ಕಡಿತ. ಬೇರೇನಾದರೂ ಸಹಾಯ ಬೇಕೆ?

ಹತ್ತು ಐವತ್ತಕ್ಕೆ ಗುಂಪು ಬಂತು. ದಡದ ಕಂಬದ ಕ್ಯಾಮರಾದಲ್ಲಿ ತನುಜಾ ನೋಡಿದಳು: ಸುರಂಗಿಬಾಗದ ಎದುರು ನೀರು ಬಣ್ಣ ಬದಲಿಸಿತು. ನೀಲಿಯ ನಡುವೆ ಒಂದು ಕಂದು ನೆರಳು, ಅದರ ಮೈತುಂಬ ಸೋನೆ ಹೊಯ್ದಂತೆ ಸಣ್ಣ ಗುಳ್ಳೆ. ಅಷ್ಟು ದೊಡ್ಡ ಗುಂಪನ್ನು ಅವಳು ಹುಟ್ಟಿದ ಮೇಲೆ ಆ ದಡದಲ್ಲಿ ಕಂಡಿರಲಿಲ್ಲ. ದೋಣಿ ಬಲೆಯನ್ನು ಬಿಡುತ್ತಾ ಅರ್ಧಚಂದ್ರಾಕಾರವಾಗಿ ಸುತ್ತಿ ಬಂತು. ಬಲೆಯ ಎರಡು ತುದಿಯ ಹಗ್ಗಗಳನ್ನು ಹಿಡಿದು ದಡದ ಮೇಲೆ ಎರಡು ಸಾಲು ಜನ ಹಿಂದಕ್ಕೆ ವಾಲಿದರು.

ಹನ್ನೊಂದು ಹದಿನೈದಕ್ಕೆ ಬಲೆಯ ಬಾಯಿ ಮುಚ್ಚಿತು. ತನುಜಾ ಗಡಿಯಾರ ನೋಡಿದಳು. ಬಲೆಯ ಚೀಲ ಮರಳು ಮುಟ್ಟಲು ಇನ್ನೂ ಮುಕ್ಕಾಲು ಗಂಟೆ ಬೇಕು. ಹನ್ನೊಂದು ನಲವತ್ತಕ್ಕೆ ಅಟ್ಟುವ ದನಿ ಹೊರಟರೆ, ಬಲೆಯೊಳಗಿನ ಅಷ್ಟೂ ಮೀನು ಒಂದೇ ಬಾರಿಗೆ ಒಂದೇ ಕಡೆಗೆ ನುಗ್ಗುತ್ತದೆ. ಬಲೆ ಹರಿಯುತ್ತದೆ. ಅರ್ಧ ಮೀನು ಒಂದರ ಮೇಲೊಂದು ಬಿದ್ದು ಸಾಯುತ್ತದೆ, ಅರ್ಧ ಆಳಕ್ಕೆ ಚದುರಿ ಯಾರಿಗೂ ಸಿಗುವುದಿಲ್ಲ. ಹಗ್ಗವನ್ನು ಕೈಗೆ ಸುತ್ತಿಕೊಂಡ ಜನರ ಗತಿ ಬೇರೆ.

ಅವಳು ಗೋವಾದ ಕೊಠಡಿಗೆ ಕರೆ ಮಾಡಿದಳು.

*

ಗೋವಾದ ನಿರ್ವಾಹಕ ಇನಾಸ್ ಬಾರೆಟೊ. ನಾಲ್ಕು ವರ್ಷದಿಂದ ವಾರಕ್ಕೆರಡು ಬಾರಿ ಮಾತಾಡಿದ್ದರೂ ತನುಜಾ ಅವರ ಮುಖ ನೋಡಿರಲಿಲ್ಲ. ನಿಯಮದ ಮಾತುಗಳನ್ನು ಇಬ್ಬರೂ ಇಂಗ್ಲಿಷಿನಲ್ಲಿ ಆಡಿ ಮುಗಿಸಿ, ಆಮೇಲೆ ಕೊಂಕಣಿಗೆ ಇಳಿಯುತ್ತಿದ್ದರು; ಅವಳು ಅವರನ್ನು ಗೌರವದಿಂದ 'ಬಾಬ್' ಎಂದೂ, ಅವರು ಅವಳನ್ನು ತಂಗಿಯಂತೆ 'ಬಾಯ್' ಎಂದೂ ಕರೆಯುತ್ತಿದ್ದರು. ಇವತ್ತು ಇಂಗ್ಲಿಷಿಗೆ ಹೊತ್ತಿರಲಿಲ್ಲ.

"ಇನಾಸ್‌ಬಾಬ್, ನಮ್ಮ ಬಲೆ ನೀರಲ್ಲಿದೆ. ಗುಂಪು ಬಲೆಯೊಳಗಿದೆ."

"ನೋಡ್ತಾ ಇದ್ದೇನೆ ಬಾಯ್. ಇಲ್ಲಿ ಗುಡ್ಡದಾಚೆ ನಮ್ಮವರೂ ಬಲೆ ಹಿಡ್ಕೊಂಡು ಕೂತಿದ್ದಾರೆ. ಹನ್ನೊಂದು ನಲವತ್ತರ ಮೇಲೆ ಅವರ ಎರಡು ತಾಸು. ನನ್ನ ನಾದಿನಿ ಮಿಲಾಗ್ರಿನ್ ಬೆಳಿಗ್ಗೆಯಿಂದ ಹತ್ತು ಸಲ ಫೋನ್ ಮಾಡಿದಳು. 'ಕನ್ನಡದವರು ತಿಂದು ಮುಗಿಸಿ ಮುಳ್ಳು ಕಳಿಸ್ತಾರಾ' ಅಂತ."

"ನೀವು 'ಪಡೆದೆವು' ಅಂದುಬಿಡಿ."

ಪಡೆಯುವ ರಾಜ್ಯ 'ಪಡೆದೆವು' ಎಂದರೆ ಸಾಕು, ಗುಂಪು ಎಲ್ಲಿದೆ ಎಂದು ಕೇಂದ್ರ ಕೇಳುವಂತಿಲ್ಲ. ಮಂಡಳಿ ಹುಟ್ಟಿದಾಗ ರಾಜ್ಯಗಳೆಲ್ಲ ಒಟ್ಟಾಗಿ ಹಟ ಹಿಡಿದು ಬರೆಸಿದ ಒಂದೇ ನಿಯಮ ಅದು: ಎರಡು ರಾಜ್ಯ ತಮ್ಮೊಳಗೆ ಒಪ್ಪಿಕೊಂಡರೆ ಮೂರನೆಯವರು ಬಾಯಿ ಹಾಕಬಾರದು. ಆರು ವರ್ಷದಲ್ಲಿ ಯಾವ ಎರಡು ರಾಜ್ಯವೂ ಒಪ್ಪಿಕೊಂಡಿರಲಿಲ್ಲವಾದ್ದರಿಂದ ಅದರ ನೆನಪು ಯಾರಿಗೂ ಇರಲಿಲ್ಲ.

"ಸುಳ್ಳು ಹೇಳಲಾ?" ಎಂದರು ಇನಾಸ್. "ನೀನು ಕೇಳಿದ್ದಕ್ಕೆ ಹೇಳಬಹುದು. ಆದರೆ ಸಂಜೆ ನಾನು ಊಟಕ್ಕೆ ಹೋಗುವುದು ಮಿಲಾಗ್ರಿನ್ ಇರುವ ಮನೆಗೆ. ನಮ್ಮವರ ಐದು ದಿನ ಆ ಗಳಿಗೆಯಿಂದ ಓಡುತ್ತದೆ, ಮೀನು ನಿಮ್ಮ ಬಲೆಯಲ್ಲಿ. ನಾನು ಅವರಿಗೆ ಏನೆನ್ನಲಿ?"

"ಅಟ್ಟುವ ದನಿ ಹಾಕಿದರೆ ನಿಮಗೂ ಏನೂ ಸಿಗಲ್ಲ. ಸತ್ತ ಮೀನು ಬರ್ತದೆ."

"ಅದೂ ಗೊತ್ತು." ಆಮೇಲೆ ಅವರ ದನಿ ಬದಲಾಯಿತು, ತರಲೆ ಹೂಡುವ ಹುಡುಗನ ದನಿಯಂತೆ. "ಬಾಯ್, ನಿಮ್ಮಲ್ಲಿ ಹಗ್ಗ ಮುಟ್ಟಿದವರಿಗೆ ಪಾಲು ಅಂತ ಇನ್ನೂ ಇದೆಯಾ?"

ಇತ್ತು. ರಂಪಣಿಯ ಹಳೆಯ ಕಟ್ಟಳೆ ಅದು. ಬಲೆಯ ಚೀಲ ಮರಳು ಮುಟ್ಟುವ ಮೊದಲು ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಸಮಪಾಲು. ಬಸುರಿ ಬಂದು ನಾಲ್ಕು ಮಾರು ಎಳೆದರೂ ಪಾಲು, ದಾರಿಹೋಕ ಚಪ್ಪಲಿ ಬಿಟ್ಟು ಬಂದು ಎಳೆದರೂ ಪಾಲು. ಯಾವ ಜಾತಿ, ಯಾವ ಊರು ಎಂದು ಕೇಳುವಂತಿಲ್ಲ.

"ಇದೆ" ಎಂದಳು ತನುಜಾ.

"ಹಾಗಾದರೆ ಮಿಲಾಗ್ರಿನ್ ಮತ್ತು ಅವಳ ಅರವತ್ತು ಜನ ಗುಡ್ಡ ದಾಟಿ ಬರ್ತಾರೆ. ಟೆಂಪೋ ಇದೆ, ಹತ್ತು ನಿಮಿಷ. ಅವರ ಕೈ ನಿಮ್ಮ ಹಗ್ಗದ ಮೇಲಿದ್ದು, 'ನಮಗೆ ಪಾಲುಂಟು' ಅಂತ ಮಿಲಾಗ್ರಿನ್ ನನಗೆ ಫೋನಿನಲ್ಲಿ ಹೇಳಿದರೆ, ಆಗ ನಾನು 'ಪಡೆದೆವು' ಅಂತೇನೆ. ಅದು ಸುಳ್ಳಲ್ಲ. ಅವಳು ಹೇಳದಿದ್ದರೆ ನಾನೂ ಹೇಳಲ್ಲ."

ತನುಜಾ ಯಾದವಾಡರ ಕಡೆ ನೋಡಿದಳು. ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ನಾ ಏನೂ ಕೇಳಿಲ್ರೀ" ಎಂದು ಅವರು ಕುರ್ಚಿಯನ್ನು ಅವಳ ಪರದೆಯ ಹತ್ತಿರ ಎಳೆದುಕೊಂಡರು.

*

ರುಕ್ಮಾಳ ಫೋನು ಸೀರೆಯ ಸೆರಗಿನ ಗಂಟಿನಲ್ಲಿತ್ತು. ತನುಜಾ ವಿಷಯ ಹೇಳಿದಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಜನ?" ಅರವತ್ತು ಎಂದಾಗ, "ಬರ್ಲಿ. ಎಳೂಕೆ ಕೈ ಸಾಲ್ತಿಲ್ಲೆ" ಎಂದು ಕರೆ ಕತ್ತರಿಸದೆಯೇ ಫೋನನ್ನು ಮತ್ತೆ ಗಂಟಿಗೆ ಸಿಕ್ಕಿಸಿಕೊಂಡಳು. ಆಮೇಲಿನದೆಲ್ಲ ತನುಜಾಳಿಗೆ ಕೇಳಿಸಿದ್ದು ಬಟ್ಟೆಯೊಳಗಿನಿಂದ, ಕಂಡದ್ದು ಕಂಬದ ಮೇಲಿನಿಂದ.

ಹನ್ನೊಂದು ಇಪ್ಪತ್ತೊಂಬತ್ತಕ್ಕೆ ಎರಡು ಟೆಂಪೋ, ಏಳೆಂಟು ಸ್ಕೂಟರು ಬಂದು ನಿಂತವು. ಇಳಿದವರು ಓಡಿಬಂದು ಹಗ್ಗಕ್ಕೆ ಕೈ ಹಾಕಿದರು. ಮುಂದೆ ಇದ್ದವಳು ಐವತ್ತರ ಹೆಂಗಸು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಸಿಕೊಂಡು, ಕಿವಿಗೂ ಹೆಗಲಿಗೂ ನಡುವೆ ಫೋನು ಒತ್ತಿ ಹಿಡಿದಿದ್ದಳು. ಅವಳೇ ಮಿಲಾಗ್ರಿನ್.

ಸುರಂಗಿಬಾಗದ ಉತ್ತರ ಹಗ್ಗದ ತುದಿಯಲ್ಲಿ ಉಲ್ಲಾಸ ಎಂಬ ತರುಣನಿದ್ದ. ಹೋಟೆಲಿನ ಕೆಲಸಕ್ಕೆ ಮೂರು ದಿನ ರಜೆ ಹಾಕಿ ಬಂದವನು.

"ಏಯ್, ಯಾರು ನೀವು?"

"ನಿನ್ನ ಸೋದರತ್ತೆ" ಎಂದಳು ಮಿಲಾಗ್ರಿನ್. "ಎಳಿ."

"ಎಂತ ಎಳಿ? ರುಕ್ಮಾಕ್ಕಾ, ಇದು ನ್ಯಾಯ ಅಲ್ಲ! ಬೆಳಿಗ್ಗೆ ಏಳಕ್ಕೆ ಬಂದು ನಿಂತವ್ರು ನಾವು. ಬಲೆ ನಮ್ದು, ದೋಣಿ ನಮ್ದು. ಎರಡು ವರ್ಷ ಕಾದವ್ರು ನಾವು. ಈಗ ಬಂದು ಬೆರಳಿಟ್ರೆ ಪಾಲಾ?"

"ಕಟ್ಟಳೆ ಹಾಗದೆ" ಎಂದಳು ರುಕ್ಮಾ.

"ಕಟ್ಟಳೆ ಊರವ್ರಿಗೆ! ಅವ್ರು ಗೋವಾದವ್ರು. ಅವ್ರಿಗೆ ಅವ್ರ ಸರ್ಕಾರ ಅದೆ."

"ನಮ್ಗೂ ಅದೆ ಸರ್ಕಾರ. ನಿಂಗೆ ಎಷ್ಟು ತಾರ್ಲೆ ಕೊಟ್ತು?"

ಕೆಲವರು ನಕ್ಕರು. ಆದರೆ ಉಲ್ಲಾಸನ ಹಿಂದಿನ ಸಾಲಿನಲ್ಲಿ ಗುಜುಗುಜು ಶುರುವಾಗಿತ್ತು. ಮನೆಯಲ್ಲಿ ಕಾಯುತ್ತಿರುವವರನ್ನು ನೆನೆದು ಒಬ್ಬೊಬ್ಬರೂ ಮನಸ್ಸಿನಲ್ಲಿ ಭಾಗಿಸಿಕೊಂಡಿದ್ದ ಪಾಲು ಕಣ್ಣೆದುರೇ ಕಿರಿದಾಗುತ್ತಿತ್ತು. ಉಲ್ಲಾಸ ಒಂದು ಕೈಯಿಂದ ಹಗ್ಗ ಹಿಡಿದೇ ಇನ್ನೊಂದು ಕೈಯಿಂದ ಪಕ್ಕದ ಗೋವಾದವನನ್ನು ತಳ್ಳಿದ. ಆತನೂ ತಳ್ಳಿದ. ಎಳೆತ ನಿಂತಿತು. ತೆರೆ ಹಿಂದೆ ಸರಿದಾಗ ಬಲೆ ಒಂದು ಗೇಣು ಕಡಲಿನತ್ತ ಜಾರಿತು.

"ಪಾಲುಂಟೋ ಇಲ್ಲವೋ?" ಎಂದು ಮಿಲಾಗ್ರಿನ್ ರುಕ್ಮಾಳನ್ನು ಕೇಳಿದಳು. "ಇಲ್ಲ ಅಂದರೆ ಇಲ್ಲ ಅನ್ನು. ನನ್ನ ಭಾವ ಫೋನಿನಲ್ಲಿ ಕಾಯ್ತಾ ಇದ್ದಾನೆ. ಸುಮ್ಮನೆ ಬೈಸಿಕೊಳ್ಳೋಕೆ ಗುಡ್ಡ ಹತ್ತಿ ಬಂದಿಲ್ಲ ನಾವು."

ಕೊಠಡಿಯಲ್ಲಿ ಹನ್ನೊಂದು ಮೂವತ್ತೈದು. ಪರದೆಯ ಮೂಲೆಯಲ್ಲಿ ಕೇಂದ್ರದ ಯಂತ್ರ ಕೆಂಪು ಅಂಕಿಗಳಲ್ಲಿ ಕ್ಷಣ ಎಣಿಸತೊಡಗಿತ್ತು. "ಆಯಿ, ಐದೇ ನಿಮಿಷ" ಎಂದು ತನುಜಾ ಕೂಗಿದಳು. ಸೆರಗಿನ ಗಂಟಿನೊಳಗೆ ಅದು ಯಾರಿಗೆ ಕೇಳಿಸಬೇಕು?

ಯಾದವಾಡರು ಬೆವರು ಒರೆಸಿಕೊಂಡರು. "ಹಗ್ಗಾ ಕೈಗೆ ಸುತ್ತಿಕೊಳ್ಳಬ್ಯಾಡ್ರಿ ಅಂತರ ಹೇಳ್ರೀ ಅವರಿಗೆ. ಜೀವಾನರ ಉಳೀಲಿ."

ರುಕ್ಮಾ ಉಲ್ಲಾಸನಿಗೆ ಬುದ್ಧಿ ಹೇಳಲಿಲ್ಲ. ಅವಳು ಎರಡು ಸಾಲಿನ ನಡುವಿನ ಒದ್ದೆ ಮರಳಿನ ಮೇಲೆ ಬಂದು ನಿಂತಳು. ಸೊಂಟಕ್ಕೆ ಕೈ ಕೊಟ್ಟಳು. ಮತ್ತೆ ಇಡೀ ದಡಕ್ಕೆ ಕೇಳುವ ಹಾಗೆ ಕೂಗಿದಳು:

"ಬಿಡೀ!"

ತಾಂಡೇಲ 'ಬಿಡಿ' ಎನ್ನುವುದು ಅಪಾಯ ಬಂದಾಗ ಮಾತ್ರ. ಹಗ್ಗ ಚಿಮ್ಮಿದರೆ ಕೈ ಮುರಿಯುತ್ತದೆ, ಅದಕ್ಕೇ ಆ ಮಾತು ಕೇಳಿದರೆ ಮೊದಲು ಬೆರಳು ಬಿಚ್ಚಿಕೊಳ್ಳುತ್ತದೆ, ತಲೆ ಆಮೇಲೆ ಯೋಚಿಸುತ್ತದೆ. ಚಿಕ್ಕಂದಿನಿಂದ ಕಲಿತದ್ದು. ಸುರಂಗಿಬಾಗದ ನೂರೈವತ್ತು ಜನರ ಕೈಗಳು ಒಟ್ಟಿಗೆ ಬಿಟ್ಟವು. ಉಲ್ಲಾಸನ ಕೈಯೂ ಬಿಟ್ಟಿತು.

ಗೋವಾದವರಿಗೆ ಅವಳ ಮಾತಿನ ಅಭ್ಯಾಸ ಇರಲಿಲ್ಲ. ಅವರು ಬಿಡಲಿಲ್ಲ. ಅರವತ್ತು ಜನರ ಮೇಲೆ ಇಡೀ ಬಲೆಯ ಭಾರ ಬಿತ್ತು. ಹಿಮ್ಮಡಿ ಊರಿದರು, ಮರಳಿನಲ್ಲಿ ಉಳುಮೆಯ ಗೆರೆಗಳಂತೆ ಕಾಲಿನ ಗೆರೆ ಎದ್ದವು. ಅವರು ಜಾರುತ್ತಿದ್ದರು. ನಿಧಾನ, ಆದರೆ ಖಂಡಿತ, ಬಲೆ ಅವರನ್ನೂ ಎಳೆದುಕೊಂಡು ಕಡಲಿಗೆ ಮರಳುತ್ತಿತ್ತು. ಮಿಲಾಗ್ರಿನ್ ಮೊಣಕಾಲು ಊರಿ ಬಿದ್ದಳು. ಹಗ್ಗ ಬಿಡಲಿಲ್ಲ, ಫೋನೂ ಬೀಳಲಿಲ್ಲ. ಅವಳು ಯಾರನ್ನೋ ಕೊಂಕಣಿಯಲ್ಲಿ ಬಾಯ್ತುಂಬ ಬೈಯುತ್ತಿದ್ದಳು.

ಸುರಂಗಿಬಾಗದವರು ಬರಿಗೈಯಲ್ಲಿ ನಿಂತು ನೋಡಿದರು. ತಮ್ಮ ಎರಡು ವರ್ಷ ನೀರಿಗೆ ಜಾರುವುದು, ಅದನ್ನು ಯಾರೋ ಬೇರೆಯವರು ಮಂಡಿ ತರಚಿಸಿಕೊಂಡು ಹಿಡಿದಿರುವುದು ಕಾಣಿಸುತ್ತಿತ್ತು.

ಉಲ್ಲಾಸ "ಅಯ್ಯೋ" ಎಂದ. ಮೊದಲು ಓಡಿದವನು ಅವನೇ. ಆಮೇಲೆ ಎಲ್ಲರೂ ಒಟ್ಟಿಗೆ ಬಿದ್ದರು, ಯಾರ ಪಕ್ಕ ಯಾರು ಎಂದು ನೋಡದೆ, ಸಿಕ್ಕಿದಲ್ಲಿ ಹಗ್ಗ ಹಿಡಿದರು. ಬಲೆ ನಿಂತಿತು. ಒಂದು ಗೇಣು ಹಿಂದೆ ಬಂತು.

"ಈಗ ಹೇಳ್ರಿ" ಎಂದಳು ರುಕ್ಮಾ. "ಮೊದ್ಲು ಹಿಡ್ದವ್ರು ಯಾರು, ಆಮೇಲೆ ಬಂದವ್ರು ಯಾರು?"

ಎಳೆಯುವಾಗ ಮಾತಾಡುವುದು ಕಷ್ಟ.

"ಪಾಲುಂಟು" ಎಂದು ಮಿಲಾಗ್ರಿನ್ ಹೆಗಲಿನ ಫೋನಿಗೆ ಏದುಸಿರಿನಲ್ಲಿ ಹೇಳಿದಳು.

ಹನ್ನೊಂದು ಮೂವತ್ತೊಂಬತ್ತಕ್ಕೆ ಇನಾಸ್ ಬಾರೆಟೊ ಅಧಿಕೃತ ದನಿಯಲ್ಲಿ, ಇಂಗ್ಲಿಷಿನಲ್ಲಿ, ಹನ್ನೊಂದನೇ ಗುಂಪನ್ನು ಗೋವಾ ರಾಜ್ಯ ಪಡೆದಿದೆ ಎಂದು ಹೇಳಿದರು. ಕೆಂಪು ಅಂಕಿಗಳು ಅಳಿಸಿಹೋದವು.

*

ತನುಜಾ ತಲೆಯನ್ನು ಮೇಜಿಗೆ ಆನಿಸಿದಳು. ಯಾದವಾಡರು 'ಭಲೇ' ಎಂದವರು, ಪರದೆಯತ್ತ ಇನ್ನೊಮ್ಮೆ ಬಗ್ಗಿ ನೋಡಿದರು.

"ಏನ್ರೀ, ಇದ ನೋಡ್ರಿಲ್ಲಿ."

ಹಸಿರು ಕಲೆ ಈಗ ನೀಲಿಯಾಗಿತ್ತು. ಅದರ ಮೇಲೆ ಗೋವಾದ ಹೆಸರಿತ್ತು. ಕಲೆ ಮಾತ್ರ ಸುರಂಗಿಬಾಗದ ಮರಳಿನ ಅಂಚಿನಲ್ಲೇ ಇತ್ತು.

"ಈಗ ಅದು ಪೂರಾ ಅವರ ಮೀನಾತಲ್ರೀ. ಕಾಯ್ದೆ ಪ್ರಕಾರ ನಿಮ್ಮೂರಿನವರು ಒಂದು ಮೀನೂ ಮುಟ್ಟೂ ಹಂಗಿಲ್ಲ. ಅವರು ಪೂರಾ ತುಂಬಿಕೊಂಡು ಹೋದರ ಕೇಳೂ ಹಕ್ಕು ನಮಗಿಲ್ಲ."

ತನುಜಾ ಅದನ್ನು ಯೋಚಿಸಿಯೇ ಇರಲಿಲ್ಲ. ಮೀನನ್ನು ಉಳಿಸುವ ಅವಸರದಲ್ಲಿ ಅದನ್ನು ಬಿಟ್ಟುಕೊಟ್ಟಿದ್ದಳು. ಅಷ್ಟರಲ್ಲಿ ಮೇಲಿನವರ ಫೋನು ಬಂತು. ಯಾದವಾಡರು ಎತ್ತಿಕೊಂಡರು. ಆ ಕಡೆಯವರು ಏನು ಕೇಳಿದರೋ, ಇವರು ನಿಂತುಕೊಂಡು ಉತ್ತರಿಸಿದರು: "ಹೌದ್ರೀ ಸರ್, ಹೊತ್ತಿಗೆ ಸರಿಯಾಗಿ ಒಪ್ಪಿಸೇವಿ. ದಿನಾ ಕಡಿತ ಇಲ್ಲ. ಆದರ ವರದಿಯೊಳಗ ನಾ ಬರೀತೀನ್ರೀ, ಬಂದರಿನ ಮುಂದ ಎಂಬತ್ತು ನಿಮಿಷ ಯಾರ ಮಾತಿನ ಮ್ಯಾಲೆ ಹಿಡಿದಿದ್ವಿ ಅಂತ. ಇಲ್ರೀ, ಬರೀದ ಇರಾಕ ಆಗೂದಿಲ್ಲ." ಫೋನು ಇಟ್ಟು ಮತ್ತೆ ಕುಳಿತರು. "ವರ್ಗ ಮಾಡ್ತಾರ" ಎಂದರು. "ಮಾಡ್ಲಿ. ಇಲ್ಲಿ ನನಗ ಊಟದ್ದ ತ್ರಾಸು."

ಹನ್ನೆರಡು ಹತ್ತಕ್ಕೆ ಬಲೆಯ ಚೀಲ ಮರಳು ಮುಟ್ಟಿತು. ಚೀಲ ಬಿಚ್ಚಿದಾಗ ಕ್ಯಾಮರಾದ ಚಿತ್ರವೆಲ್ಲ ಒಂದು ಕ್ಷಣ ಬಿಳಿಯಾಯಿತು. ಬಿಸಿಲಿನಲ್ಲಿ ಅಷ್ಟೊಂದು ಬೆಳ್ಳಿ ಹೊಟ್ಟೆಗಳು. ಕಿರುಚಾಟ, ನಗು. ತನುಜಾ ತಾಯಿಯನ್ನು ಕೂಗಿ ಕೂಗಿ, ಕೊನೆಗೆ ಆಕೆ ಫೋನು ಕಿವಿಗಿಟ್ಟಾಗ, ಕಾಯ್ದೆ ಏನೆನ್ನುತ್ತದೆ ಎಂದು ಹೇಳಿದಳು.

ರುಕ್ಮಾ ಫೋನನ್ನು ಮತ್ತೆ ಸೆರಗಿನ ಗಂಟಿಗೆ ಸಿಕ್ಕಿಸಿದಳು. ಆಮೇಲೆ ಕೆಳಗಿದ್ದ ಬುಟ್ಟಿ ಎತ್ತಿಕೊಂಡು ಮಿಲಾಗ್ರಿನ್ ಮುಂದಿಟ್ಟಳು.

"ಕಾಗದದ ಲೆಕ್ಕದಲ್ಲಿ ಇದು ಪೂರ್ತಿ ನಿಂದಂತೆ. ನನ್ ಮಗಳು ಹೇಳ್ತಾಳೆ. ನೀನೇ ಪಾಲು ಹಾಕು."

ಸುತ್ತಲಿನ ಗದ್ದಲ ಇಳಿಯಿತು. ಉಲ್ಲಾಸ ಒಂದು ಹೆಜ್ಜೆ ಹಿಂದೆ ಸರಿದ. ಮಿಲಾಗ್ರಿನ್ ರಕ್ತ ಒಸರುತ್ತಿದ್ದ ತನ್ನ ಮಂಡಿಗೆ ಉಪ್ಪುನೀರು ಚಿಮುಕಿಸಿಕೊಳ್ಳುತ್ತಿದ್ದವಳು ತಲೆಯೆತ್ತಿ ನೋಡಿದಳು. ಮೀನಿನ ರಾಶಿಯನ್ನು, ನಿಂತಿದ್ದ ಇನ್ನೂರು ಜನರನ್ನು, ಕೊನೆಗೆ ಉಲ್ಲಾಸನನ್ನು.

"ಏಯ್ ಜಗಳಗಂಟಾ" ಎಂದಳು. "ನಿನ್ನ ಬುಟ್ಟಿ ಎಲ್ಲಿ? ತಾ ಇಲ್ಲಿ. ಮೊದಲು ನಿನ್ನ ಬಾಯಿ ಮುಚ್ಚಿಸ್ತೇನೆ."

ಮೊದಲ ಪಾಲು ಅವನಿಗೆ ಬಿತ್ತು. ಆಮೇಲೆ ಸಾಲು. ಸುರಂಗಿಬಾಗದವನೊಬ್ಬ, ಗೋವಾದವನೊಬ್ಬ ಎಂದೇನೂ ಇರಲಿಲ್ಲ. ಹಗ್ಗ ಹಿಡಿದು ನಿಂತಿದ್ದ ಕ್ರಮದಲ್ಲೇ ಬಂದರು. ಮಿಲಾಗ್ರಿನ್ ಎರಡು ಕೈಯಿಂದ ತೋಡಿ ತೋಡಿ ಹಾಕಿದಳು. ಗಂಟೆ ಒಂದಾಯಿತು. ರಾಶಿ ಇಳಿಯಿತು. ತೋಡುವ ಕೈಗಳಿಗೆ ಲೆಕ್ಕ ಇರುವುದಿಲ್ಲ. ಮೊದಮೊದಲು ಧಾರಾಳವಾಗಿ ಹಾಕಿದ್ದರಿಂದ ಕೊನೆಕೊನೆಗೆ ಕಡಿಮೆಯಾಗುತ್ತಾ ಬಂತು. ಇಬ್ಬರು ಹೆಂಗಸರು ಮಾತ್ರ ಬಾಕಿ ಉಳಿದಾಗ ಮರಳಿನ ಮೇಲಿದ್ದದ್ದು ಒಂದು ಒಳ್ಳೆಯ ಪಾಲು, ಒಂದು ಬುಟ್ಟಿಯ ತಳ ಮುಚ್ಚುವಷ್ಟು ಪುಡಿಮೀನು.

ಮಿಲಾಗ್ರಿನ್ ಒಳ್ಳೆಯದನ್ನು ರುಕ್ಮಾಳ ಕಡೆ ತಳ್ಳಿದಳು.

"ಆ ಸಣ್ಣದು ನಂದು" ಎಂದಳು ರುಕ್ಮಾ. "ತಾಂಡೇಲ ನಾನು. ಕಡೇ ಪಾಲು ತಾಂಡೇಲನದ್ದು."

"ಪಾಲು ಹಾಕಿದ್ದು ನಾನು. ಹಾಕಿದವಳಿಗೆ ಕಡೆಯದು. ನಮ್ಮಲ್ಲಿ ಹಾಗೇ."

"ನೀ ನಿಂತಿದ್ದು ನಮ್ ದಡದ ಮೇಲೆ."

"ಮೀನು ನನ್ನದು. ನಿನ್ನ ಮಗಳೇ ಹೇಳಿದ್ದಾಳೆ."

"ಹೊಟ್ಟೆಗೆ ಎಂತ ತಿಂತೆ ಅಷ್ಟ್ರಲ್ಲಿ? ತಗೋ ಅಂದ್ರೆ ತಗೋ!"

"ಬಿಡು ಬುಟ್ಟಿ! ಬಿಡು ಅಂದೆ!"

ಸೆರಗಿನ ಗಂಟಿನಿಂದ ಈ ಜಗಳ ಕಾರವಾರದ ಕೊಠಡಿಗೂ, ಮಿಲಾಗ್ರಿನ್‌ಳ ಹೆಗಲಿನಿಂದ ಗೋವಾದ ಕೊಠಡಿಗೂ ಒಟ್ಟಿಗೆ ಕೇಳುತ್ತಿತ್ತು. ಅದೇ ಹೊತ್ತಿಗೆ, ಪ್ರತಿ ಹಸ್ತಾಂತರವಾದ ಒಂದೂವರೆ ಗಂಟೆಯ ನಂತರ ಮಾಡುವಂತೆ, ಕೇಂದ್ರದ ಸಂಯೋಜಕರು ಎರಡೂ ಕೊಠಡಿಗಳಿಗೆ ಒಟ್ಟಿಗೆ ಕರೆ ಮಾಡಿದರು. ಹನ್ನೊಂದನೇ ಗುಂಪಿನ ವಿಷಯದಲ್ಲಿ ಎರಡು ರಾಜ್ಯಗಳ ನಡುವೆ ಏನಾದರೂ ವಿವಾದ ಬಾಕಿ ಇದೆಯೆ ಎಂದು ಕೇಳಿದರು.

ತನುಜಾ ಬಾಯಿ ತೆರೆದಳು, ನಗು ಬಂದು ಮಾತು ನಿಂತಿತು.

"ಇದೆ ಸರ್" ಎಂದರು ಆ ತುದಿಯಿಂದ ಇನಾಸ್. "ಈಗ ನಡೀತಾ ಇದೆ. ದಯವಿಟ್ಟು ಕೇಂದ್ರ ಮಧ್ಯೆ ಬರುವುದು ಬೇಡ."